ಬಿಡದ ದಣಿವಿಗೆ ಅರ್ಧಬಲದ ನಡಿಗೆ



ಬೀದರಿನ ಮೈಲೂರದಲ್ಲಿರುವ ನಮ್ಮ ಚಿಕಿತ್ಸಾಲಯದಲ್ಲಿ ಅತಿ ಹೆಚ್ಚಾಗಿ ಕೇಳಿಬರುವ ದೂರು ಜ್ವರದ್ದೂ ಅಲ್ಲ, ಮಂಡಿನೋವಿನದ್ದೂ ಅಲ್ಲ. "ಸುಮ್ಮ ಕುಂತ್ರೂ ಸುಸ್ತ್ ಆಗ್ಲತ್ತದ್ರಿ ಡಾಕ್ಟರ್ ಸಾಬ್, ಮೈಯಾಗ ಕಸುವೇ ಇಲ್ಲ" ಎಂಬ ಮಾತದು. ಹೇಳುವಾಗ ಅನೇಕರು ತಲೆ ತಗ್ಗಿಸುತ್ತಾರೆ. ಕಾಯಕವನ್ನೇ ಪೂಜೆಯೆಂದು ನಂಬಿದ ಮನೆಗಳಲ್ಲಿ ದಣಿವನ್ನು ಒಪ್ಪಿಕೊಳ್ಳುವುದು ಸುಲಭವಲ್ಲ. ಮನೆಯವರು ಅದನ್ನು ಆಲಸ್ಯವೆನ್ನುತ್ತಾರೆ. ದಣಿದವರು ಕೂಡ ಕ್ರಮೇಣ ಹಾಗೆಯೇ ನಂಬುತ್ತಾರೆ.

ಆಯುರ್ವೇದವು ಈ ಎರಡನ್ನೂ ಒಂದೆಂದು ಎಣಿಸಿಲ್ಲ. ದುಡಿದ ಮೇಲೆ ಬರುವ ಆಯಾಸ ಶ್ರಮ. ಅದು ಊಟ ಮತ್ತು ನಿದ್ರೆಗಳಿಂದ ಇಳಿಯುತ್ತದೆ. ಯಾವ ಶ್ರಮವೂ ಇಲ್ಲದೆ ದೇಹದಲ್ಲಿ ಬೆಳೆಯುವ, ಏದುಸಿರು ಇಲ್ಲದಿದ್ದರೂ ಇಂದ್ರಿಯಗಳ ಕೆಲಸಕ್ಕೆ ಅಡ್ಡಿಯಾಗುವ ದಣಿವನ್ನು ಸುಶ್ರುತಾಚಾರ್ಯರು 'ಕ್ಲಮ' ಎಂದು ಬೇರೆಯೇ ಹೆಸರಿನಿಂದ ಕರೆದಿದ್ದಾರೆ. ಕೆಲಸ ಮಾಡುವ ಶಕ್ತಿಯಿದ್ದೂ ಉತ್ಸಾಹವಿಲ್ಲದಿರುವುದು ಆಲಸ್ಯ. ಆದ್ದರಿಂದ ದಣಿದವರನ್ನು ಆಲಸಿಗಳೆಂದು ಜರೆಯುವುದು ಶಾಸ್ತ್ರಸಮ್ಮತವೂ ಅಲ್ಲ, ನ್ಯಾಯವೂ ಅಲ್ಲ.

ನಾವು ಕಲಿತ ಪಾಠ

ಹಲವು ವರ್ಷಗಳ ಹಿಂದೆ ನಲವತ್ತಾರು ವಯಸ್ಸಿನ ತಾಯಿಯೊಬ್ಬರು ಇದೇ ದೂರಿನೊಡನೆ ಬಂದರು. ನಾಡಿ ನೋಡಿ, ಬಲವರ್ಧಕ ಲೇಹ್ಯವೊಂದನ್ನು ಕೊಟ್ಟು, "ದಿನಾ ಮುಂಜಾನಿ ಒಂದ್ ತಾಸ್ ನಡೀರಿ ತಾಯಿ" ಎಂದು ಕಳುಹಿಸಿದೆವು. ಅವರು ನಿಷ್ಠೆಯಿಂದ ನಡೆದರು. ಎರಡನೆಯ ವಾರ ಮಗನ ಕೈ ಹಿಡಿದು ಬಂದರು. "ನಡದ್ರ ಇನ್ನೂ ಜಾಸ್ತಿ ಆಗ್ಲತ್ತದ್ರಿ. ನಂದೇ ಆಲಸಿತನ ಇರಬೇಕು" ಎಂದರು.

ಆಗ ರಕ್ತಪರೀಕ್ಷೆ ಮಾಡಿಸಿದೆವು. ಹಿಮೋಗ್ಲೋಬಿನ್ 8 ಗ್ರಾಂ ಇತ್ತು. ಅವರ ವಯಸ್ಸಿನ ಮಹಿಳೆಗೆ ಕನಿಷ್ಠ 12 ಇರಬೇಕು. ತಿಂಗಳ ಮುಟ್ಟಿನಲ್ಲಿ ಅತಿಯಾದ ಸ್ರಾವವಾಗುತ್ತಿದ್ದುದನ್ನು ಅವರು ಸಂಕೋಚದಿಂದ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ತಪ್ಪು ನಮ್ಮದು. ಸ್ತ್ರೀರೋಗ ತಜ್ಞರ ಬಳಿ ಕಳುಹಿಸಿದೆವು. ಸ್ರಾವ ಹತೋಟಿಗೆ ಬಂತು, ಕಬ್ಬಿಣದ ಗುಳಿಗೆಗಳು ಆರಂಭವಾದವು. ಮೂರು ತಿಂಗಳ ಬಳಿಕ ಅವರ ಮುಖದಲ್ಲಿ ಬಣ್ಣ ಮರಳಿತು. ನಡಿಗೆಯನ್ನು ಮನೆಯಿಂದ ಓಣಿಯ ತಿರುವಿನವರೆಗೆ ಮಾತ್ರವೆಂದು ಹೊಸದಾಗಿ ಆರಂಭಿಸಿದೆವು. ಆ ದಿನದಿಂದ ನಾವು ದಣಿವೆಂದು ಬಂದ ಯಾರಿಗೂ ಪರೀಕ್ಷೆಗೆ ಮುನ್ನ ವ್ಯಾಯಾಮವನ್ನು ಹೇಳಿಲ್ಲ.

ಮೊದಲು ಕಾರಣ

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಥೈರಾಯ್ಡ್ ಕೊರತೆ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ದೋಷ, ನಿದ್ರೆಯಲ್ಲಿ ಗೊರಕೆಯೊಡನೆ ಉಸಿರು ಕಟ್ಟುವಿಕೆ, ಮನಸ್ಸಿನ ಖಿನ್ನತೆ ಇವೆಲ್ಲವೂ ದಣಿವಿನ ರೂಪದಲ್ಲಿಯೇ ಮೊದಲು ತೋರಬಹುದು.

ಸಸ್ಯಾಹಾರಿಗಳಾದ ನಮ್ಮ ಭಕ್ತರು ವಿಶೇಷವಾಗಿ ಗಮನಿಸಬೇಕಾದುದು ಬಿ12 ಜೀವಸತ್ವ. ಕಾಳು, ಸೊಪ್ಪು, ರೊಟ್ಟಿಗಳಲ್ಲಿ ಅದು ದೊರೆಯುವುದಿಲ್ಲ. ಹಾಲು, ಮೊಸರು, ಮಜ್ಜಿಗೆಗಳಲ್ಲಿದೆ. ದಣಿವಿನೊಡನೆ ಪಾದಗಳಲ್ಲಿ ಜೋಮು, ನಾಲಿಗೆಯಲ್ಲಿ ಉರಿ, ಮರೆವು ಇದ್ದರೆ ಅದರ ಪರೀಕ್ಷೆಯನ್ನು ಮುಂದೂಡಬಾರದು. ಕೊರತೆಯಿದ್ದವರಿಗೆ ಹಾಲು ಮೊಸರು ಸಾಲದೆ ವೈದ್ಯರು ಔಷಧ ಕೊಡಬೇಕಾಗುತ್ತದೆ.

ಎರಡು ವಾರ ದಾಟಿದ ಕೆಮ್ಮು, ಸಂಜೆಯ ಜ್ವರ, ಕಾರಣವಿಲ್ಲದೆ ಇಳಿಯುವ ತೂಕ, ಎದೆನೋವು, ಮೆಟ್ಟಿಲೇರುವಾಗ ಹೊಸದಾಗಿ ಬರುವ ಏದುಸಿರು, ಕಾಲಿನ ಬಾವು, ಕಪ್ಪು ಬಣ್ಣದ ಮಲ ಇವುಗಳಲ್ಲಿ ಯಾವುದೇ ಒಂದಿದ್ದರೂ ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಹೋಗಬೇಕು.

ಅರ್ಧಬಲವೆಂದರೇನು?

ಕಾರಣ ತಿಳಿದು ಚಿಕಿತ್ಸೆ ನಡೆದಿರುವಾಗ, ಇಲ್ಲವೆ ಪರೀಕ್ಷೆಗಳೆಲ್ಲ ಸರಿಯಿದ್ದೂ ದಣಿವು ಉಳಿದಾಗ, ದಿನಚರಿಯೇ ಮುಖ್ಯ ಔಷಧವಾಗುತ್ತದೆ. ವ್ಯಾಯಾಮದಿಂದ ದೇಹಕ್ಕೆ ಲಘುತ್ವ, ಕೆಲಸದ ಸಾಮರ್ಥ್ಯ ಮತ್ತು ಜಠರಾಗ್ನಿಯ ದೀಪ್ತಿ ಉಂಟಾಗುತ್ತವೆಂದು ವಾಗ್ಭಟಾಚಾರ್ಯರು 'ಅಷ್ಟಾಂಗಹೃದಯ'ದ ದಿನಚರ್ಯಾ ಅಧ್ಯಾಯದಲ್ಲಿ ತಿಳಿಸಿದ್ದಾರೆ. ಆದರೆ ಬಲವಂತರೂ ಸ್ನಿಗ್ಧ ಆಹಾರ ಉಣ್ಣುವವರೂ ಕೂಡ ಚಳಿಗಾಲ ಮತ್ತು ವಸಂತದಲ್ಲಿ ತಮ್ಮ ಶಕ್ತಿಯ ಅರ್ಧದಷ್ಟೇ ವ್ಯಾಯಾಮ ಮಾಡಬೇಕು, ಉಳಿದ ಋತುಗಳಲ್ಲಿ ಅದಕ್ಕಿಂತಲೂ ಕಡಿಮೆ ಎಂದು ಮಿತಿ ಹಾಕಿದ್ದಾರೆ. ಬಲವಂತರಿಗೇ ಅರ್ಧವೆಂದಾದರೆ ದಣಿದವರಿಗೆ ಎಷ್ಟೆಂಬುದನ್ನು ಊಹಿಸಬಹುದು. ಹಣೆಯಲ್ಲಿ, ಮೂಗಿನ ಮೇಲೆ, ಕಂಕುಳಲ್ಲಿ ಬೆವರು ಮೂಡುವುದು, ಬಾಯಿ ಒಣಗುವುದು ಅರ್ಧಬಲ ಮುಗಿದುದರ ಲಕ್ಷಣ. ಅಲ್ಲಿಗೆ ನಿಲ್ಲಬೇಕು.

ಇದಕ್ಕೆ ನಮ್ಮ ಅನುಭವದ ಒಂದು ಮಾತನ್ನು ಸೇರಿಸುತ್ತೇವೆ. ನಡಿಗೆ ಸರಿಯಾಯಿತೋ ಇಲ್ಲವೋ ಎಂಬುದನ್ನು ಅದೇ ದಿನದ ಉತ್ಸಾಹದಿಂದ ಅಳೆಯಬೇಡಿರಿ. ಮರುದಿನದ ಮುಂಜಾವಿನಿಂದ ಅಳೆಯಿರಿ. ಮೊದಲ ವಾರ ಸಮತಟ್ಟಾದ ನೆಲದಲ್ಲಿ ಮುಂಜಾನೆ ಐದು ನಿಮಿಷ, ಸಂಜೆ ಐದು ನಿಮಿಷ ನಡೆದರೆ ಸಾಕು. ಜೊತೆಯವರೊಡನೆ ಮಾತನಾಡಲು ಬರುವಷ್ಟು ನಿಧಾನವಿರಲಿ. ಮರುದಿನ ಎದ್ದಾಗ ಎಂದಿನಂತಿದ್ದರೆ ಮುಂದಿನ ವಾರ ಒಂದೆರಡು ನಿಮಿಷ ಹೆಚ್ಚಿಸಿರಿ. ಹೆಚ್ಚು ದಣಿದಿದ್ದರೆ ಅಷ್ಟನ್ನೇ ಇಳಿಸಿರಿ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಚಟುವಟಿಕೆಯನ್ನು ಸೂಚಿಸಿದೆ. ಅದು ತಲುಪಬೇಕಾದ ಊರು. ಮೊದಲ ದಿನದ ಹೆಜ್ಜೆಯಲ್ಲ.

ಕೋವಿಡ್‌ನಂತಹ ಸೋಂಕಿನ ನಂತರ ಕೆಲವರಲ್ಲಿ ಅಲ್ಪ ಶ್ರಮದಿಂದಲೂ ಒಂದೆರಡು ದಿನಗಳಾದ ಮೇಲೆ ದಣಿವು ತೀವ್ರವಾಗಿ ಮರುಕಳಿಸುತ್ತದೆ. ಹೀಗೆ ಮರುಕಳಿಸುವ ದೀರ್ಘಕಾಲದ ದಣಿವಿನ ಕಾಯಿಲೆಯಲ್ಲಿ ವ್ಯಾಯಾಮವನ್ನು ನಿಗದಿತವಾಗಿ ಏರಿಸುತ್ತ ಹೋಗುವ ಚಿಕಿತ್ಸೆ ಬೇಡವೆಂದು ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ ತನ್ನ ಮಾರ್ಗಸೂಚಿಯನ್ನೇ ಬದಲಿಸಿತು. ಅಂಥವರು ವೈದ್ಯರ ಸಲಹೆಯೊಡನೆ, ತಮಗೆ ಸಾಧ್ಯವಾದ ಮಿತಿಯೊಳಗೇ ಇರಬೇಕು.

ದಿನದ ಕ್ರಮ

ಏಳುವ ಮತ್ತು ಮಲಗುವ ವೇಳೆಗಳು ಅಮಾವಾಸ್ಯೆ, ಹಬ್ಬಗಳೆನ್ನದೆ ಒಂದೇ ಆಗಿರಲಿ. ಎದ್ದ ಮೇಲೆ ಮುಂಜಾವಿನ ಬೆಳಕು ಕಣ್ಣಿಗೆ ಬೀಳಲಿ. ದೇಹದ ಒಳಗಿನ ಗಡಿಯಾರವನ್ನು ಸರಿಪಡಿಸುವುದು ಆ ಬೆಳಕೇ. ಇಷ್ಟಲಿಂಗ ಪೂಜೆಯನ್ನು ನಿತ್ಯ ಒಂದೇ ಹೊತ್ತಿಗೆ ಮಾಡುವವರಿಗೆ ಈ ಕ್ರಮ ಅರ್ಧದಷ್ಟು ಸಿದ್ಧವಾಗಿಯೇ ಇದೆ. ಪೂಜೆಯನ್ನು ಗಡಿಬಿಡಿಯಲ್ಲಿ ಮುಗಿಸದೆ, ಕರಸ್ಥಲದಲ್ಲಿ ದೃಷ್ಟಿ ನಿಲ್ಲಿಸಿ, ಉಸಿರು ತಾನಾಗಿ ನಿಧಾನವಾಗಲು ಬಿಡಿರಿ. ನೆಲದ ಮೇಲೆ ಕುಳಿತು ಏಳುವುದು ಕೂಡ ಕಾಲಿನ ಸ್ನಾಯುಗಳಿಗೆ ವ್ಯಾಯಾಮವೇ. ಆಗದವರು ಕುರ್ಚಿಯಲ್ಲಿ ಕುಳಿತು ಪೂಜಿಸಿದರೆ ಭಕ್ತಿಗೆ ಕುಂದಿಲ್ಲ.

ನಮ್ಮ ಬೀದರಿನ ಬೇಸಿಗೆಯಲ್ಲಿ ಬಿಸಿಲೇರುವ ಮುನ್ನವೇ ನಡಿಗೆ ಮುಗಿಯಬೇಕು. ಬೇಸಿಗೆಯಲ್ಲಿ ಹಗಲಿನ ಅಲ್ಪ ನಿದ್ರೆಗೆ ಶಾಸ್ತ್ರದ ಅನುಮತಿಯಿದೆ. ಉಳಿದ ದಿನಗಳಲ್ಲಿ ಕೆಲಸದ ನಡುವೆ ಹತ್ತು ನಿಮಿಷ ಕಣ್ಣು ಮುಚ್ಚಿ ಕುಳಿತು ವಿಶ್ರಮಿಸಿರಿ. ದಣಿದು ಬೀಳುವ ಮುನ್ನವೇ ಕೂರುವುದು ಜಾಣತನ. ಅಭ್ಯಂಗವು ಶ್ರಮವನ್ನು ಕಳೆಯುತ್ತದೆಂದು ವಾಗ್ಭಟರ ಮಾತಿದೆ. ರಾತ್ರಿ ಮಲಗುವ ಮುನ್ನ ಪಾದಗಳಿಗೆ ಸ್ವಲ್ಪ ಎಳ್ಳೆಣ್ಣೆ ತಿಕ್ಕಿಕೊಂಡರೂ ಹಿತವೆನಿಸುತ್ತದೆ. ಆಮೇಲೆ ಮೊಬೈಲು ಬೇಡ.

ರಾತ್ರಿಯ ಊಟ ಮಲಗುವುದಕ್ಕಿಂತ ಎರಡು ಮೂರು ತಾಸು ಮೊದಲೇ ಆಗಲಿ. ಜೋಳದ ರೊಟ್ಟಿ, ಬೇಳೆ, ಪುಂಡಿಪಲ್ಯ ಒಳ್ಳೆಯ ಆಹಾರ. ಮೇಲೆ ನಿಂಬೆರಸ ಹಿಂಡಿಕೊಂಡರೆ ಸೊಪ್ಪಿನ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಅದು ಹತ್ತದು. ಒಂದು ತಾಸಿನ ಅಂತರವಿರಲಿ. ಚರಕಾಚಾರ್ಯರು ಹೇಳಿದ ಹತ್ತು ಶ್ರಮಹರ ದ್ರವ್ಯಗಳಲ್ಲಿ ದ್ರಾಕ್ಷಿ, ಖರ್ಜೂರ, ದಾಳಿಂಬೆ, ಬೋರೆಹಣ್ಣು, ಕಬ್ಬು ಸೇರಿವೆ. ಇವೆಲ್ಲ ನಮ್ಮ ಸಂತೆಯಲ್ಲಿಯೇ ಸಿಗುತ್ತವೆ. ಸಕ್ಕರೆ ಕಾಯಿಲೆಯವರು ಮಾತ್ರ ವೈದ್ಯರನ್ನು ಕೇಳಿ ತಿನ್ನಬೇಕು.

ಆ ತಾಯಿಯವರು ಈಗಲೂ ಮುಂಜಾನೆ ನಮ್ಮ ಚಿಕಿತ್ಸಾಲಯದ ಮುಂದಿನಿಂದ ಹಾದುಹೋಗುತ್ತಾರೆ. ವೇಗವಾಗಿ ನಡೆಯುವುದಿಲ್ಲ, ಆದರೆ ನಡಿಗೆ ತಪ್ಪಿಸುವುದಿಲ್ಲ. ಕಾಯಕ ಮಾಡುವ ದೇಹವೂ ನಮಗೆ ಒಪ್ಪಿಸಲ್ಪಟ್ಟಿರುವ ಒಂದು ಕಾಯಕವೇ. ನಿಮ್ಮ ಮನೆಯಲ್ಲಿ ಯಾರಾದರೂ ಸುಸ್ತೆಂದು ಹೇಳಿದರೆ ಜರೆಯಬೇಡಿರಿ. ಮೊದಲು ಪರೀಕ್ಷೆ ಮಾಡಿಸಿರಿ, ಆಮೇಲೆ ಓಣಿಯ ತಿರುವಿನವರೆಗೆ ಅವರ ಜೊತೆ ನಡೆಯಿರಿ.