‘ವಯಸ್ಸಾತು ಬಿಡ್ರಿ’ ಅಂದರೆ ಸಾಲದು: ಹಿರಿಯರ ಸೇವೆಗೂ ಐತಿ ಒಂದು ಓದು

ತಿರ್ಲಾಪುರ (ನವಲಗುಂದ): ಅಜ್ಜ ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದ. ಅಜ್ಜಿ ನಿನ್ನೆ ಇಸ್ಕೊಂಡ ರೊಕ್ಕವನ್ನು ಇವತ್ತು ಮತ್ತೆ ಕೇಳಿದಳು. ಇಂಥ ಮಾತು ಬಂದಾಗ ತಿರ್ಲಾಪುರದ ಕಟ್ಟೆಯಾಗಲಿ, ನವಲಗುಂದ ಪೇಟೆಯ ಅಂಗಡಿಯಾಗಲಿ, ಉತ್ತರ ಒಂದೇ: ‘ವಯಸ್ಸಾತು ಬಿಡ್ರಿ’.

ಆದರೆ ವಯಸ್ಸು ರೋಗವಲ್ಲ. ಯಾವುದು ವಯಸ್ಸಿನ ಸಹಜ ಬದಲಾವಣೆ, ಯಾವುದು ಚಿಕಿತ್ಸೆ ಬೇಕಾದ ಕಾಯಿಲೆ ಎಂದು ಬೇರ್ಪಡಿಸಿ ನೋಡಲು ಒಂದು ಶಾಸ್ತ್ರವೇ ಇದೆ. ಅದಕ್ಕೆ ಜೆರಂಟಾಲಜಿ, ಅಂದರೆ ವೃದ್ಧಾಪ್ಯಶಾಸ್ತ್ರ ಎನ್ನುತ್ತಾರೆ. ವೃದ್ಧರ ವೈದ್ಯಕೀಯ (ಜೀರಿಯಾಟ್ರಿಕ್ಸ್) ಡಾಕ್ಟರರ ವಿಷಯ. ಜೆರಂಟಾಲಜಿಯಲ್ಲಿ ದೇಹದ ಜೊತೆಗೆ ಮನಸ್ಸು, ಮನೆತನ, ರೊಕ್ಕ, ಕಾನೂನು ಎಲ್ಲವೂ ಬರುತ್ತವೆ.

2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ 60 ದಾಟಿದವರು ಸುಮಾರು 58 ಲಕ್ಷ, ಅಂದರೆ ನೂರಕ್ಕೆ 9.5 ಮಂದಿ. ಮಕ್ಕಳು ಹುಬ್ಬಳ್ಳಿ, ಬೆಂಗಳೂರು ಸೇರಿದ ಮನೆಗಳಲ್ಲಿ ಇವರನ್ನು ನೋಡಿಕೊಳ್ಳುವವರು ಆಶಾ ಕಾರ್ಯಕರ್ತೆ, ನರ್ಸ್, ಔಷಧ ಅಂಗಡಿಯವರು ಮತ್ತು ನೆರೆಮನೆಯವರು.

ಏನು ಕಲಿಸುತ್ತಾರೆ?

ಒಂದು ಉದಾಹರಣೆ ಮರೆವು. ತಿಂಗಳು, ವರ್ಷಗಟ್ಟಲೆ ನಿಧಾನಕ್ಕೆ ಹೆಚ್ಚುವ ಮರೆವು ಡಿಮೆನ್ಷಿಯಾ ಇರಬಹುದು. ಒಂದೆರಡು ದಿನದಲ್ಲೇ ಒಮ್ಮೆಲೇ ಗೊಂದಲ ಶುರುವಾದರೆ ಮೂತ್ರದ ಸೋಂಕು, ಸೋಡಿಯಂ ಕೊರತೆ ಅಥವಾ ಮಾತ್ರೆಯ ಅಡ್ಡಪರಿಣಾಮ ಕಾರಣವಿರಬಹುದು. ಎರಡನೆಯದನ್ನು ಬೇಗ ಗುರುತಿಸಿದರೆ ಗುಣವಾಗುವುದುಂಟು. ‘ವಯಸ್ಸಾತು’ ಅಂತ ಮನೆಯಲ್ಲೇ ಕೂಡಿಸಿದರೆ ಜೀವಕ್ಕೇ ಕುತ್ತು.

ಇನ್ನೊಂದು ಮಾತ್ರೆ. ವಯಸ್ಸಾದಂತೆ ಕಿಡ್ನಿಯ ಶಕ್ತಿ ಕಡಿಮೆಯಾಗಿ ಹಲವು ಔಷಧಗಳು ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತವೆ. ನಿದ್ದೆ ಮಾತ್ರೆ ತಗೊಂಡ ಹಿರಿಯರು ಬೀಳುವ ಅಪಾಯ ಜಾಸ್ತಿ. ಬಾಯಾರಿಕೆಯೂ ಅಷ್ಟಾಗಿ ಗೊತ್ತಾಗುವುದಿಲ್ಲ. ಅದಕ್ಕೇ ಬ್ಯಾಸಗಿಯಲ್ಲಿ ‘ನೀರು ಬೇಕೇನು’ ಅಂತ ಕೇಳುವುದಕ್ಕಿಂತ ತಂದು ಕೊಡುವುದು ಲೇಸು.

ಕಾನೂನೂ ಪಾಠದಲ್ಲಿದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಹೊಲ ದಾನಪತ್ರ ಮಾಡಿಸಿಕೊಂಡು ಮಕ್ಕಳು ಕೈಬಿಟ್ಟರೆ, 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಅದನ್ನು ರದ್ದು ಮಾಡಿಸಲು ಉಪವಿಭಾಗಾಧಿಕಾರಿ ನೇತೃತ್ವದ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು.

ಯಾರು, ಎಲ್ಲಿ ಓದಬಹುದು?

* ಎಂಬಿಬಿಎಸ್ ಆದವರಿಗೆ: ನೀಟ್ ಪಿಜಿ ಮೂಲಕ ಮೂರು ವರ್ಷದ ಎಂಡಿ. ದೇಶದಲ್ಲಿ ಇದು ಮೊದಲು ಶುರುವಾಗಿದ್ದು 1996ರಲ್ಲಿ, ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ. ಕೆಲಸ ಬಿಡದೆ ಓದುವ ವೈದ್ಯರಿಗಾಗಿ ಇಗ್ನೋ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ರೂಪಿಸಿದೆ.
* ಮನೋವೈದ್ಯರಿಗೆ: ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವೃದ್ಧರ ಮನೋವೈದ್ಯಕೀಯದ ಡಿಎಂ.
* ಪದವೀಧರರಿಗೆ: ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಮಾಜಿಕ ರಕ್ಷಣಾ ಸಂಸ್ಥೆ ವೃದ್ಧರ ಸಮಗ್ರ ಆರೈಕೆ ಕುರಿತು ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ನಡೆಸಿಕೊಂಡು ಬಂದಿದೆ.
* ಹತ್ತಿರದಲ್ಲೇ ಬೇಕೆಂದವರಿಗೆ: ಕರ್ನಾಟಕ ವಿಶ್ವವಿದ್ಯಾಲಯದ ಎಂಎಸ್‌ಡಬ್ಲ್ಯೂ, ಧಾರವಾಡ ಕೃಷಿ ವಿಶ್ವವಿದ್ಯಾಲಯದ ಮಾನವ ಅಭಿವೃದ್ಧಿ ವಿಭಾಗ. ಇವು ನೇರ ಜೆರಂಟಾಲಜಿ ಅಲ್ಲ, ಆದರೆ ಹಿರಿಯರ ಬದುಕಿನ ಮೇಲೆ ಪ್ರಬಂಧ ಬರೆಯಲು ದಾರಿ ಇದೆ.
* ಪದವಿ ಇಲ್ಲದವರಿಗೆ: ಅಟಲ್ ವಯೋ ಅಭ್ಯುದಯ ಯೋಜನೆಯಡಿ ಆರೈಕೆದಾರರ ತರಬೇತಿ.

ಫೀ ಕಟ್ಟುವ ಮೊದಲು

ಆ ವರ್ಷ ಪ್ರವೇಶ ನಡೆದಿದೆಯೇ, ದೂರಶಿಕ್ಷಣವಾದರೆ ಯುಜಿಸಿ ಮಾನ್ಯತೆ ಇದೆಯೇ, ಆಸ್ಪತ್ರೆ ಅಥವಾ ವೃದ್ಧಾಶ್ರಮದಲ್ಲಿ ಪ್ರಾಯೋಗಿಕ ಕೆಲಸ ಇದೆಯೇ ಎಂದು ಕೇಳಿ ನೋಡಬೇಕು. ಜೆರಂಟಾಲಜಿ ಡಿಪ್ಲೊಮಾ ಪಡೆದ ಮಾತ್ರಕ್ಕೆ ಔಷಧ ಬರೆದುಕೊಡುವ ಹಕ್ಕು ಬರುವುದಿಲ್ಲ ಎಂಬುದೂ ನೆನಪಿರಲಿ.

ಅಂಗಡಿಯವರಿಗೂ ಕೆಲಸ ಐತಿ

ರೊಕ್ಕದ ಲೆಕ್ಕ ತಪ್ಪುವುದು ಡಿಮೆನ್ಷಿಯಾದ ಮೊದಲ ಲಕ್ಷಣಗಳಲ್ಲಿ ಒಂದು. ಅದು ಮನೆಯವರಿಗಿಂತ ಮೊದಲು ಕಿರಾಣಿ ಅಂಗಡಿಯವರ ಕಣ್ಣಿಗೆ ಬೀಳಬಹುದು. ದಿನಾ ಬರುವ ಅಜ್ಜ ಒಂದೇ ಸಾಮಾನು ಎರಡು ಸಲ ಒಯ್ದರೆ, ಚಿಲ್ಲರೆ ಎಣಿಸಲು ತಡವರಿಸಿದರೆ ನಗಬಾರದು, ಮನೆಯವರಿಗೆ ಮೆಲ್ಲಗೆ ತಿಳಿಸಬೇಕು. ಅಂಗಡಿ ಮುಂದೆ ಒಂದು ಕುರ್ಚಿ ಇಟ್ಟರೂ ಅದು ಸೇವೆಯೇ.

ಸಲಹೆ, ಸಹಾಯಕ್ಕೆ ಹಿರಿಯರ ಉಚಿತ ಸಹಾಯವಾಣಿ 14567. 70 ದಾಟಿದ ಎಲ್ಲರಿಗೂ ಆದಾಯ ನೋಡದೆ ವರ್ಷಕ್ಕೆ ₹5 ಲಕ್ಷದವರೆಗೆ ಆಸ್ಪತ್ರೆ ಚಿಕಿತ್ಸೆ ನೀಡುವ ಆಯುಷ್ಮಾನ್ ವಯ ವಂದನಾ ಕಾರ್ಡ್ ಯೋಜನೆಗೆ ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಚಾಲನೆ ನೀಡಿದೆ. ಅಜ್ಜ ಬಿದ್ದ ಸುದ್ದಿ ಕೇಳಿದಾಗ ಇನ್ನು ಮುಂದೆ ‘ವಯಸ್ಸಾತು’ ಅನ್ನುವ ಬದಲು ‘ಯಾಕ ಬಿದ್ರು?’ ಅಂತ ಕೇಳಿದರೆ ಅರ್ಧ ಕೆಲಸ ಆದಂಗ.