ಪೊಟ್ಟಣದ ಹಿಂಬದಿ ಓದಬಲ್ಲ ಮಕ್ಕಳು

ಮಗುವಿಗೆ ವಾಂತಿ-ಭೇದಿ ಶುರುವಾದರೆ ಓಆರ್‌ಎಸ್ ಪೊಟ್ಟಣ ಆಶಾ ಕಾರ್ಯಕರ್ತೆಯ ಬಳಿ ದುಡ್ಡಿಲ್ಲದೆ ಸಿಗುತ್ತದೆ. ತೊಡಕಿರುವುದು ಅದನ್ನು ಕದಡುವಲ್ಲಿ. ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಶುದ್ಧ ನೀರಿಗೆ ಹಾಕಬೇಕು. ಎಷ್ಟೋ ಮನೆಗಳಲ್ಲಿ ಒಂದೇ ಲೋಟಕ್ಕೆ ಸುರಿದುಬಿಡುತ್ತಾರೆ. ಉಪ್ಪು ಹೆಚ್ಚಾಗಿ ಮಗುವಿಗೇ ಅಪಾಯ. ಜೊತೆಗೆ ಬರುವ ಜಿಂಕ್ ಮಾತ್ರೆ 14 ದಿನ ಕೊಡಬೇಕಾದದ್ದು. ಭೇದಿ ನಿಂತ ಕೂಡಲೇ ಅದು ಗೋಡೆಯ ಗೂಡು ಸೇರುತ್ತದೆ. ಪೊಟ್ಟಣದ ಮೇಲಿನ ಆ ಸಣ್ಣಕ್ಷರ ಓದಬಲ್ಲವರು ಅನೇಕ ಮನೆಗಳಲ್ಲಿ ಒಬ್ಬರೇ: ಹೈಸ್ಕೂಲಿಗೆ ಹೋಗುವ ಮಗಳೋ ಮಗನೋ.

ತಮ್ಮ-ತಂಗಿಯರನ್ನು ಸೊಂಟದ ಮೇಲೆ ಹೊತ್ತು ತಿರುಗುವ ಮಕ್ಕಳಿಗೇ ಆರೋಗ್ಯದ ಪಾಠ ಹೇಳಿಕೊಡೋಣ ಎಂದು 1978ರಲ್ಲಿ ಲಂಡನ್ನಿನಲ್ಲಿ ಹೊರಟವರು ಮಕ್ಕಳ ವೈದ್ಯ ಡೇವಿಡ್ ಮಾರ್ಲೆ ಮತ್ತು ಶಿಕ್ಷಣತಜ್ಞ ಹ್ಯೂ ಹಾಸ್. ಅವರ 'ಚೈಲ್ಡ್ ಟು ಚೈಲ್ಡ್' ಪದ್ಧತಿಯಲ್ಲಿ ಕಲಿತದ್ದನ್ನು ಮನೆಯಲ್ಲಿ ಮಾಡಿ, ಏನಾಯಿತೆಂದು ತರಗತಿಗೆ ಬಂದು ಹೇಳಬೇಕು. ನಮ್ಮಲ್ಲಿ 2014ರ ಜನವರಿಯಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವೂ 10ರಿಂದ 19 ವಯಸ್ಸಿನವರಲ್ಲೇ ಕೆಲವರನ್ನು ಆರಿಸಿ, ಓರಗೆಯವರಿಗೆ ಹೇಳಿಕೊಡಲು ತಯಾರು ಮಾಡುತ್ತದೆ. ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ವಯಸ್ಸಿನವರಿಗೆಂದೇ ಸ್ನೇಹಾ ಕ್ಲಿನಿಕ್‌ಗಳಿವೆ.

ಆದರೂ ನಮಗೆ ಜಾಥಾ ಮೇಲೆಯೇ ಮೋಹ. ಬಿಸಿಲಲ್ಲಿ ಮಕ್ಕಳ ಕೈಗೆ ಫಲಕ ಕೊಟ್ಟು ಘೋಷಣೆ ಕೂಗಿಸಿ, ಫೋಟೊ ತೆಗೆದರೆ ಅರಿವು ಮೂಡಿಸಿದ ಹಾಗೆ. ಇದು ಮಕ್ಕಳನ್ನು ಬಳಸಿಕೊಳ್ಳುವುದೇ ಹೊರತು ತೊಡಗಿಸಿಕೊಳ್ಳುವುದಲ್ಲ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಕಬ್ಬಿಣಾಂಶದ ಮಾತ್ರೆಯನ್ನೇ ನೋಡಿ. ನುಂಗಿದ ಮೇಲೆ ಮಲ ಕಪ್ಪಾದರೆ ಹುಡುಗಿ ಹೆದರುತ್ತಾಳೆ, ಮನೆಯಲ್ಲಿ ಅಮ್ಮ "ಇನ್ನು ಬೇಡ ಬಿಡೇ" ಅನ್ನುತ್ತಾಳೆ. ಅದು ಕಬ್ಬಿಣದ ಬಣ್ಣ, ಹೆದರಬೇಡಿ. ಊಟದ ಮೇಲೆ ನುಂಗಿ, ಜೊತೆಗೆ ಕಾಫಿ-ಟೀ ಬೇಡ ಎಂದು ಮೊದಲೇ ತಿಳಿಸಿದರೆ ಮಾತ್ರೆ ಕಿಟಕಿಯಾಚೆ ಬೀಳುವುದಿಲ್ಲ. ಅದೇ ಹುಡುಗಿ ಬಸುರಿ ಅತ್ತಿಗೆಗೂ ಧೈರ್ಯ ಹೇಳಿಯಾಳು.

ಹಿರಿಯರಿಗೆ ಚಿಕ್ಕವರು ಬುದ್ಧಿ ಹೇಳಿದರೆ ಒಪ್ಪುತ್ತಾರೆಯೇ ಎಂಬ ಅಳುಕು ನಿಜ. ಬುದ್ಧಿ ಹೇಳಬೇಕಾಗಿಲ್ಲ. "ಅಜ್ಜಿ, ಇದರ ಮೇಲೆ ಒಂದು ಲೀಟರ್ ಅಂತ ಬರ್ದಿದೆ, ಚೊಂಬಲ್ಲಿ ಅಳೆದು ತರ್ಲಾ?" ಅಂದರೆ ಸಾಕು.

ಇನ್ನೊಂದು ಮಾತು. ಹಳ್ಳಿಯ ಮಕ್ಕಳು ಎಸ್‌ಎಸ್‌ಎಲ್‌ಸಿ ಮುಗಿಸಿ ಪಿಯುಸಿಗೆ ಪೇಟೆ ಸೇರುತ್ತಾರೆ. ಕಲಿಸಿದ್ದೂ ಅವರೊಂದಿಗೇ ಬಸ್ ಹತ್ತುತ್ತದೆ. ಹಾಗಾಗಿ ತರಬೇತಿ ಎಂಟನೇ ತರಗತಿಯಲ್ಲೇ ಆಗಬೇಕು, ಹತ್ತನೆಯವರು ಹೊರಡುವ ಮುನ್ನ ಒಂಬತ್ತನೆಯವರಿಗೆ ತಾವು ನೋಡಿಕೊಳ್ಳುತ್ತಿದ್ದ ಮನೆಗಳ ಪಟ್ಟಿ ಒಪ್ಪಿಸಬೇಕು.