ಹಗಲಿನ ಕಿಡಿ, ಇರುಳಿನ ಉರಿ

ಹೊಸ ಮನೆಯ ಅಂಗಳಕ್ಕೆ ಗೇಟು, ಕಿಟಕಿಯ ಸರಳುಗಳು ಬಂದಿಳಿದ ದಿನ ಬೀದಿಯ ಮಕ್ಕಳಿಗೆ ಹಬ್ಬವೇ ಸರಿ. ಬೆಸುಗೆಗಾರನು ಕಡ್ಡಿಯನ್ನು ಕಬ್ಬಿಣಕ್ಕೆ ತಾಗಿಸಿದನೆಂದರೆ ಚಟಚಟ ಸದ್ದು, ಸುರುಸುರುಬತ್ತಿಯಂತೆ ಕಿಡಿಗಳ ಮಳೆ, ಕಣ್ಣು ಕೋರೈಸುವ ನೀಲಿ ಬೆಳಕು. ಮಕ್ಕಳು ಮೈಮರೆತು ನೋಡುತ್ತ ನಿಲ್ಲುತ್ತಾರೆ. ಆ ಹೊತ್ತಿನಲ್ಲಿ ಯಾರಿಗೂ ನೋವಿಲ್ಲ. ಅಪಾಯದ ಮರ್ಮವಿರುವುದು ಅಲ್ಲಿಯೇ.

1880ರ ದಶಕದಲ್ಲಿ ರಷ್ಯದ ನಿಕೊಲಾಯ್ ಬೆನಾರ್ಡೊಸ್ ಇಂಗಾಲದ ಕಡ್ಡಿಯಿಂದ ವಿದ್ಯುತ್ತನ್ನು ಹಾಯಿಸಿ ಲೋಹವನ್ನು ಬೆಸೆಯುವ ವಿಧಾನವನ್ನು ರೂಪಿಸಿದನು. ಅಂದಿನಿಂದ ಉಪಕರಣಗಳು ಎಷ್ಟೋ ಸುಧಾರಿಸಿದರೂ ಮೂಲತತ್ತ್ವ ಬದಲಾಗಿಲ್ಲ. ಕಡ್ಡಿಗೂ ಲೋಹಕ್ಕೂ ನಡುವಣ ಕಿರಿದಾದ ತೆರಪಿನಲ್ಲಿ ವಿದ್ಯುತ್ತು ಹಾರುವಾಗ ಹೊತ್ತುವ ಜ್ವಾಲೆಯ ಶಾಖ ಐದಾರು ಸಾವಿರ ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟುತ್ತದೆ. ಉಕ್ಕು ಕರಗಲು 1,500 ಡಿಗ್ರಿಯಷ್ಟು ಸಾಕು! ಈ ಜ್ವಾಲೆ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನೂ ಸೂಸುತ್ತದೆ. ಸೂರ್ಯನ ಇಂಥ ಕಿರಣಗಳಲ್ಲಿ ಅತಿ ತೀಕ್ಷ್ಣವಾದವನ್ನು ವಾಯುಮಂಡಲವು ಮೇಲೆಯೇ ತಡೆದುಬಿಡುತ್ತದೆ. ಬೀದಿಯಲ್ಲಿ ಹೊತ್ತಿದ ಈ ಪುಟ್ಟ ಸೂರ್ಯನಿಗೂ ನೋಡುವವರ ಕಣ್ಣಿಗೂ ನಡುವೆ ಅಂಥ ತೆರೆಯಿಲ್ಲ.

ಕಣ್ಣಿನ ಪಾರದರ್ಶಕ ಹೊರಪದರವನ್ನು ಈ ಕಿರಣಗಳು ಸುಡುತ್ತವೆ. ಆದರೆ ಉರಿ ತೋರುವುದು ಸಾಮಾನ್ಯವಾಗಿ ಆರರಿಂದ ಹನ್ನೆರಡು ಗಂಟೆಗಳ ಮೇಲೆ. ಮಧ್ಯಾಹ್ನ ನೋಡಿದವನಿಗೆ ನಡುರಾತ್ರಿ ಎಚ್ಚರವಾಗುತ್ತದೆ: ಕಣ್ಣಿನಲ್ಲಿ ಮರಳು ತುಂಬಿದ ಅನುಭವ, ಧಾರಾಕಾರವಾಗಿ ನೀರು, ದೀಪದ ಬೆಳಕೂ ಅಸಹ್ಯ. ಬಹುಮಟ್ಟಿಗೆ ಒಂದೆರಡು ದಿನಗಳಲ್ಲಿ ಇದು ಶಮನವಾಗುತ್ತದೆ. ಆದರೂ ಎದೆಹಾಲು, ಸೊಪ್ಪಿನ ರಸ ಮೊದಲಾದವನ್ನು ಕಣ್ಣಿಗೆ ಹಾಕದೆ ವೈದ್ಯರಲ್ಲಿಗೆ ಹೋಗುವುದೇ ವಿವೇಕ. ನೋವನ್ನು ಮರೆಸುವ ಮರವುಕಾರಕ ಹನಿಗಳನ್ನು ಸ್ವಂತ ಬುದ್ಧಿಯಿಂದ ಮತ್ತೆ ಮತ್ತೆ ಹಾಕಿಕೊಂಡರೆ ಕಣ್ಣಿಗೆ ಇನ್ನಷ್ಟು ಕೇಡು.

ಬೆಸುಗೆಗಾರನಿಗೆ ಬಿಸಿಲಿನ ಕಪ್ಪು ಕನ್ನಡಕ ಸಾಲದು. ಮುಖವನ್ನೂ ಕೊರಳನ್ನೂ ಮರೆಮಾಡುವ ಕವಚ ಬೇಕು; ಸಾಮಾನ್ಯ ಕಡ್ಡಿಬೆಸುಗೆಗೆ ಅದರ ಗಾಜು 10 ಅಥವಾ 11ನೆಯ ಛಾಯೆಯದಾಗಿರಬೇಕು. ಚರ್ಮದ ಕೈಗವಸು, ತೋಳು ತುಂಬ ಮುಚ್ಚುವ ದಪ್ಪ ಹತ್ತಿಯ ಅಂಗಿ ಅವಶ್ಯ. ನೈಲಾನ್ ಬಟ್ಟೆ ಕಿಡಿ ತಾಗಿದರೆ ಕರಗಿ ಮೈಗಂಟುತ್ತದೆ. ಸುತ್ತಲೂ ತೆರೆ ಕಟ್ಟಿದರೆ ದಾರಿಹೋಕರ ಕಣ್ಣೂ ಉಳಿಯುತ್ತದೆ.

ಹೊಗೆಯೂ ಬೆಳಕಿನಂತೆಯೇ ತಡವಾಗಿ ಸೇಡು ತೀರಿಸುತ್ತದೆ. ಸತುವಿನ ಲೇಪವಿರುವ ಕೊಳವೆಯನ್ನು ಬೆಸೆದವನಿಗೆ ಕೆಲವು ಗಂಟೆಗಳ ಮೇಲೆ ಮಲೇರಿಯದಂತೆ ಚಳಿಜ್ವರ ಬರುವುದುಂಟು. ಈ ಜ್ವರ ಒಂದೆರಡು ದಿನದ್ದಾದರೂ ವರ್ಷಗಟ್ಟಲೆ ಸೇವಿಸಿದ ಹೊಗೆಯ ಲೆಕ್ಕ ಬೇರೆ. ಬೆಸುಗೆಯ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2017ರಲ್ಲಿ ನಿರ್ಣಯಿಸಿತು. ಆದುದರಿಂದ ಲೇಪವನ್ನು ಮೊದಲೇ ತೆಗೆದು, ಗಾಳಿಯಾಡುವ ಕಡೆ, ಹೊಗೆಯ ದಾರಿಯಿಂದ ಮುಖವನ್ನು ಸರಿಸಿ ಕೆಲಸ ಮಾಡಬೇಕು.

ಕಾಯದೆ ಕೊಲ್ಲುವುದು ವಿದ್ಯುತ್ತೊಂದೇ. ಬೆಸುಗೆಯ ಕಡ್ಡಿಗೆ ಬರುವುದು ಮನೆಯ 230 ವೋಲ್ಟ್ ಅಲ್ಲ, ಹೆಚ್ಚೆಂದರೆ ಎಂಬತ್ತರಷ್ಟು ಎಂಬುದು ಹಲವರ ಧೈರ್ಯ. ಬೆವರಿದ ಮೈಗೆ, ಮಳೆಯಲ್ಲಿ ನೆನೆದ ನೆಲದ ಮೇಲೆ ನಿಂತವನಿಗೆ ಅಷ್ಟೇ ಪ್ರಾಣಾಂತಿಕವಾಗಬಲ್ಲದು. ಒಣ ಕೈಗವಸು, ರಬ್ಬರು ಅಟ್ಟೆಯ ಪಾದರಕ್ಷೆ, ಬಿರುಕಿಲ್ಲದ ತಂತಿ, ಸರಿಯಾದ ಭೂಸಂಪರ್ಕ ಇವುಗಳಲ್ಲಿ ಒಂದನ್ನೂ ಬಿಡುವಂತಿಲ್ಲ.

ಇನ್ನು ಕಿಡಿ. ಅದು ಹಲವು ಅಡಿ ದೂರ ಹಾರಿ ಮರದ ಹೊಟ್ಟಿನಲ್ಲೋ ಗೋಣಿಯಲ್ಲೋ ಅಡಗಿ, ಎಲ್ಲರೂ ಮನೆಗೆ ಹೋದ ಮೇಲೆ ಹೊತ್ತಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೂ ಕನಿಷ್ಠ ಅರ್ಧ ಗಂಟೆ ಒಬ್ಬರು ಕಾವಲಿರಬೇಕು. ಎಣ್ಣೆ, ಪೆಟ್ರೋಲು ಇದ್ದ ಪೀಪಾಯಿಯನ್ನಂತೂ, ಬರಿದಾಗಿ ಕಂಡರೂ, ಹಾಗೆಯೇ ಬೆಸೆಯಕೂಡದು. ಒಳಗಿನ ಆವಿ ಸಿಡಿದೀತು.

ಗೇಟಿನ ಬೆಲೆಗೆ ಚೌಕಾಸಿ ಮಾಡುವ ಗೃಹಸ್ಥನು ಬೆಸುಗೆಗಾರನ ಮುಖಕ್ಕೆ ಕವಚವುಂಟೇ ಎಂದೂ ಒಮ್ಮೆ ಕೇಳಬೇಕು. ಮಕ್ಕಳನ್ನು ಒಳಗೆ ಕರೆಯಬೇಕು. ಗೇಟು ಕಾಯುವುದು ಮನೆಯನ್ನು. ಅದನ್ನು ಬೆಸೆದವನ ಕಣ್ಣನ್ನು ಕಾಯುವ ಹೊಣೆ ಮನೆಯವರಿಗೂ ಇದೆ.